ಶನಿವಾರದ ಎಣ್ಣೆ, ಪಕ್ಕದ ಮನೆಯ ಡ್ರೋನು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಇವರು ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂರುತ್ತಾರೆ. ಇವರು ಎಂದರೆ ನನ್ನ ಗಂಡ. ಮದುವೆಯಾದಾಗಿನಿಂದ ಹೀಗೇ ಕರೆದು ಅಭ್ಯಾಸ, ಈ ವಯಸ್ಸಿನಲ್ಲಿ ಇನ್ನು ಬೇರೆ ಹೆಸರು ಹುಡುಕಲಾರೆ. ಮೈಗೆಲ್ಲ ಎಳ್ಳೆಣ್ಣೆ, ನೆತ್ತಿಗೆ ತೆಂಗಿನೆಣ್ಣೆ, ಸೊಂಟಕ್ಕೆ ಒಂದು ಬೈರಾಸು. ಬೈರಾಸು ಎಂದರೆ ನಮ್ಮ ಉಡುಪಿ ಕಡೆಯ ತೆಳು ಚೌಕಳಿ ಟವೆಲ್ಲು; ತಲೆ ಒರೆಸುವುದಕ್ಕೂ ಅದೇ, ಹೆಗಲಿಗೂ ಅದೇ, ಮಾನ ಮುಚ್ಚುವುದಕ್ಕೂ ಅದೇ. ವರ್ಜೀನಿಯಾದ ಅಲ್ಡಿ ಎಂಬ ಊರಿನ ನಮ್ಮ ಮನೆಯ ಹಿಂದಿನ ಡೆಕ್ಕಿನಲ್ಲಿ, ಅಂದರೆ ಮರದ ಹಲಗೆಯ ತೆರೆದ ಜಗಲಿಯಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿ ಇದಕ್ಕೆಂದೇ ಇದೆ. ಅದಕ್ಕೆ ಎಷ್ಟು ಎಣ್ಣೆ ಹಿಡಿದಿದೆಯೆಂದರೆ ಬೇರೆ ಯಾರಾದರೂ ಕೂತರೆ ಜಾರಿ ಕೆಳಗೆ ಬೀಳುವುದು ಗ್ಯಾರಂಟಿ.

ಇವರು ಪಕ್ಕದ ರಾಜ್ಯದ ಡರ್ಹಮ್ ಊರಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರಾಗಿದ್ದರು. ಆಪರೇಷನ್ ಥಿಯೇಟರಿಗೆ ಕಿಟಕಿ ಇರುವುದಿಲ್ಲ. ಬೆಳಗಾಗುವ ಮೊದಲೇ ಒಳಗೆ ಹೋಗಿ ಕತ್ತಲಾದ ಮೇಲೆ ಹೊರಗೆ ಬರುವ ಕೆಲಸ. ಮೂವತ್ತು ಚಿಲ್ಲರೆ ವರ್ಷ ಇವರು ಸೂರ್ಯನನ್ನು ಸರಿಯಾಗಿ ನೋಡಿದ್ದು ಭಾನುವಾರ ಮಾತ್ರ, ಅದೂ ಆಸ್ಪತ್ರೆಯಿಂದ ಕರೆಯುವ ಬೀಪರ್ ಸುಮ್ಮನಿದ್ದರೆ. ನಾನು ಅದೇ ಊರಿನ ಒಂದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಸಾಕುತ್ತಿದ್ದೆ. ಇಬ್ಬರೂ ನಿವೃತ್ತರಾಗಿ, ಕೋವಿಡ್ಡಿನ ಗಲಾಟೆ ಸ್ವಲ್ಪ ತಣ್ಣಗಾದ ಮೇಲೆ, ಮಗಳ ಮನೆ ಹತ್ತಿರವಿರಲಿ ಎಂದು ವರ್ಜೀನಿಯಾಕ್ಕೆ ಬಂದೆವು. ಬಂದ ಮೊದಲ ಬೇಸಿಗೆಯಲ್ಲೇ ಇವರು ಡೆಕ್ಕಿನ ಮೇಲೆ ನಿಂತು ಆಕಾಶ ನೋಡಿ, "ಇನ್ನು ಇದು ನನ್ನ ಬಿಸಿಲು" ಎಂದರು. ಇಡೀ ಆಯುಷ್ಯದಲ್ಲಿ ಆ ಮನುಷ್ಯ ತನಗೆಂದು ಏನಾದರೂ ಕೇಳಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಎರಡು ವರ್ಷ ಕಳೆದ ಮೇಲಿನ ಒಂದು ಜೂನ್ ತಿಂಗಳು. ಪಕ್ಕದ ಮನೆಯವರು ಟೆಕ್ಸಾಸಿಗೆ ಹೊರಟಿದ್ದರು, ಮನೆ ಮಾರಾಟಕ್ಕೆ ಇಟ್ಟಿದ್ದರು. ಶನಿವಾರ ಬೆಳಿಗ್ಗೆ ನಾನು ಒಳಗೆ ನೀರುದೋಸೆ ಎರೆಯುತ್ತಿದ್ದೆ. ಹೊರಗೆ ಗುಂಯ್ ಎಂದು ಒಂದು ಸದ್ದು. ಡಲ್ಲೆಸ್ ವಿಮಾನ ನಿಲ್ದಾಣ ಹತ್ತಿರವೇ ಇರುವುದರಿಂದ ನಮಗೆ ವಿಮಾನದ ಸದ್ದು ಹೊಸದಲ್ಲ. ಆದರೆ ಇದು ಬೇರೆ, ಸಿಟ್ಟು ಬಂದ ಕಣಜದ ಹಾಗೆ ಒಂದೇ ಕಡೆ ನಿಂತು ಗುಂಯ್‌ಗುಡುವ ಸದ್ದು. ಕಿಟಕಿಯಿಂದ ನೋಡಿದರೆ, ಪಕ್ಕದ ಮನೆಯ ಮಾಡಿನ ಮೇಲೆ ಒಂದು ಡ್ರೋನು! ನಾಲ್ಕು ಕಾಲು, ಹೊಟ್ಟೆಯಡಿ ಒಂದು ಕಣ್ಣು. ಆ ಕಣ್ಣು ನಮ್ಮ ಡೆಕ್ಕಿನ ಕಡೆಗೇ ತಿರುಗಿದೆ. ಕೆಳಗೆ ಇವರು ಕಾಲು ಚಾಚಿ, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು ನಿದ್ದೆ.

ಕೈಯಲ್ಲಿದ್ದ ಸಟ್ಟುಗ ಹಿಡಿದುಕೊಂಡೇ ಹೊರಗೆ ಓಡಿದೆ. "ಹೋಗು! ಹೋಗಾಚೆ!" ಎಂದು ಕಾಗೆ ಓಡಿಸುವ ಹಾಗೆ ಓಡಿಸಿದೆ. ಡ್ರೋನಿಗೆ ಕನ್ನಡ ಬರುತ್ತದೆಯೇ ಎಂದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ. ಅದು ಇನ್ನೊಂದು ಸುತ್ತು ಹೊಡೆದು ರಸ್ತೆಯ ಕಡೆಗೆ ಇಳಿದುಹೋಯಿತು.

ಇವರಿಗೆ ಎಚ್ಚರವಾಯಿತು. "ಎಂತ ಗಲಾಟೆ ಅದು?"

"ಡ್ರೋನು! ನಿಮ್ಮ ಫೋಟೋ ತೆಗೀತಾ ಉಂಟು!"

"ಹೌದಾ," ಎಂದು ಇವರು ಮತ್ತೆ ಕಣ್ಣು ಮುಚ್ಚಿದರು. "ದೋಸೆ ಸೀದ ವಾಸನೆ ಬರ್ತಾ ಉಂಟು ನೋಡು."

ಇದನ್ನು ನೀವು ನೆನಪಿಟ್ಟುಕೊಳ್ಳಬೇಕು: ಆ ದಿನ ಇವರಿಗೆ ಏನೂ ಆಗಿರಲಿಲ್ಲ. ಉರಿದದ್ದು ನನಗೆ, ಮತ್ತೆ ದೋಸೆಗೆ.

ಬುಧವಾರ ಮಗಳು ಫೋನಿಗೆ ಒಂದು ಚಿತ್ರ ಕಳಿಸಿ ಕೆಳಗೆ ಬರೆದಿದ್ದಳು, 'ಅಮ್ಮಾ, ಈಸ್ ದಟ್ ಅಪ್ಪ?' ಪಕ್ಕದ ಮನೆಯ ಮಾರಾಟದ ಜಾಹೀರಾತು. ಅಡಿಗೆಮನೆ, ಮಲಗುವ ಕೋಣೆ, ಬಚ್ಚಲು, ಎಲ್ಲ ಆದ ಮೇಲೆ ಕೊನೆಯಲ್ಲಿ ಮೇಲಿನಿಂದ ತೆಗೆದ ನಾಲ್ಕು ಚಿತ್ರ. ಅದರಲ್ಲಿ ಒಂದರ ಮೂಲೆಯಲ್ಲಿ ನಮ್ಮ ಡೆಕ್ಕು. ಡೆಕ್ಕಿನ ಮೇಲೆ ಎಣ್ಣೆಯಿಂದ ಆಗ ತಾನೇ ತೆಗೆದ ಮಂಗಳೂರು ಬನ್ಸಿನ ಹಾಗೆ ಏನೋ ಕಂದು ಬಣ್ಣದ್ದು, ಮಿಣಮಿಣ ಹೊಳೆಯುತ್ತಾ. ಮುಖ ಕಾಣುವುದಿಲ್ಲ. ಮನುಷ್ಯ ಎಂದು ತಿಳಿಯಬೇಕಾದರೂ ಮನೆಯವರೇ ಆಗಿರಬೇಕು. ಆದರೆ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದಕ್ಕೆ ಅಷ್ಟೆಲ್ಲ ವಿವರ ಬೇಡ.

ಮಗಳು ವಕೀಲೆ. ತಕ್ಷಣ ಫೋನ್ ಮಾಡಿದೆ. "ಕೇಸ್ ಹಾಕು," ಎಂದೆ.

"ಅಮ್ಮಾ, ಐ ಡೂ ಪೇಟೆಂಟ್ಸ್. ನಂಗೆ ಡ್ರೋನ್ ಲಾ ಗೊತ್ತಿಲ್ಲ."

"ಅಷ್ಟು ಫೀಸ್ ಕಟ್ಟಿ ಓದಿಸಿದ್ದು ಯಾಕೆ ಮತ್ತೆ?"

"ನೀನು ಬ್ಯಾಕ್ಟೀರಿಯಾ ಸ್ಟಡಿ ಮಾಡಿದ್ದೀಯ, ಆದ್ರೂ ನಾನು ಕಾರ್ ರಿಪೇರಿ ಮಾಡು ಅಂತ ಕೇಳಲ್ಲ ಅಲ್ವಾ?" ಎಂದಳು. ಫೋನಿಟ್ಟೆ.

ನಾನೇ ಓದಲು ಕೂತೆ. ಮೂರು ದಿನ ಓದಿದೆ. ಮನೆಗೆಲಸ ಎಲ್ಲ ಇವರೇ ಮಾಡಿದರು ಪಾಪ. ಓದಿದ್ದರಲ್ಲಿ ತಿಳಿದದ್ದು ಇಷ್ಟು: ನೆಲ ನಮ್ಮದು, ಅದರ ಮೇಲಿನ ಆಕಾಶದ ಯಜಮಾನಿಕೆ ಕೇಂದ್ರ ಸರ್ಕಾರದ ವಿಮಾನಯಾನ ಇಲಾಖೆಯದ್ದು. ಡ್ರೋನನ್ನು ನೋಂದಾಯಿಸಬೇಕು, ದುಡ್ಡಿಗೆ ಹಾರಿಸುವವರು ಪರೀಕ್ಷೆ ಪಾಸು ಮಾಡಿರಬೇಕು, ನಮ್ಮಂತೆ ವಿಮಾನ ನಿಲ್ದಾಣದ ಬುಡದಲ್ಲಿರುವ ಕಡೆ ಮೇಲಕ್ಕೆ ಏರಿಸುವ ಮೊದಲು ಅನುಮತಿ ಬೇಕು, ರಾಜಧಾನಿ ವಾಷಿಂಗ್ಟನ್ನಿನ ಸುತ್ತ ಹದಿನೈದು ಮೈಲಿಯ ಒಳವೃತ್ತದಲ್ಲಂತೂ ಹಾರಿಸುವ ಹಾಗೇ ಇಲ್ಲ. ಖಾಸಗಿತನದ ವಿಷಯ ಬಂದಾಗ ಮಾತ್ರ ಎಲ್ಲರೂ ನೀನು ನೋಡಿಕೊ, ನೀನು ನೋಡಿಕೊ ಎಂದು ರಾಜ್ಯಗಳ ಕಡೆ ಕೈ ತೋರಿಸುತ್ತಾರೆ. ನಮ್ಮ ವರ್ಜೀನಿಯಾದಲ್ಲಿ ಒಂದು ಕಾನೂನಿದೆ: ಬೇರೆಯವರ ಜಾಗಕ್ಕೆ ನುಗ್ಗಿ ವಾಸದ ಮನೆಯಿಂದ ಐವತ್ತು ಅಡಿಯೊಳಗೆ ಬಂದು ಹೆದರಿಸಿದರೆ, ಕಾಟ ಕೊಟ್ಟರೆ ಅದು ಅಪರಾಧ. ಬರಬೇಡ ಎಂದು ಹೇಳಿದ ಮೇಲೂ ಹಾಗೆ ಬಂದರೆ ಆಗಲೂ ಅಪರಾಧ. ಐವತ್ತು ಅಡಿ! ನಾನು ಟೇಪು ಹಿಡಿದು ಡೆಕ್ಕಿನ ಮೇಲೆ ನಿಂತೆ, ಆಕಾಶವನ್ನು ಹೇಗೆ ಅಳೆಯುವುದು ಎಂದು ತೋಚದೆ ಒಳಗೆ ಬಂದೆ.

ಕೊನೆಗೆ ಕೌಂಟಿಯ ಶೆರಿಫ್ ಕಚೇರಿಗೆ, ಅಂದರೆ ಇಲ್ಲಿಯ ಪೊಲೀಸರಿಗೆ, ಫೋನ್ ಮಾಡಿದೆ. ತುರ್ತಿನ ನಂಬರಿಗಲ್ಲ, ಅಷ್ಟು ಬುದ್ಧಿ ಇತ್ತು. ಫೋನ್ ಎತ್ತಿದ ಡೆಪ್ಯುಟಿ ಬಹಳ ತಾಳ್ಮೆಯ ಮನುಷ್ಯ. ಡ್ರೋನು ಪಕ್ಕದ ಮನೆಯ ಮೇಲೆ ಇತ್ತೋ ನಿಮ್ಮ ಮನೆಯ ಮೇಲೆ ಇತ್ತೋ, ಕೇಳಿದ. ಪಕ್ಕದ ಮನೆಯ ಮೇಲೆ, ಆದರೆ ಕಣ್ಣು ನಮ್ಮ ಮೇಲೆ, ಎಂದೆ. ಕಾಟ ಕೊಡುವ ಉದ್ದೇಶ ಕಂಡಿತೇ, ಕೇಳಿದ. ನನ್ನ ಗಂಡನಿಗೆ ನಿದ್ದೆ ಬಂದಿತ್ತು, ಎಂದೆ. ಮತ್ತೆ ಬಂದರೆ ಸಟ್ಟುಗದಿಂದ ಹೊಡೆದು ಕೆಡವಬಹುದೇ ಎಂದು ಕೇಳಿದೆ. ಸಟ್ಟುಗಕ್ಕೆ ಇಂಗ್ಲಿಷಿನಲ್ಲಿ ಏನೋ ಒಂದು ಹೇಳಿದೆ. "ಮ್ಯಾಮ್, ದಯವಿಟ್ಟು ಹಾಗೆ ಮಾಡಬೇಡಿ," ಎಂದ; ಡ್ರೋನು ಕಾನೂನಿನ ಲೆಕ್ಕದಲ್ಲಿ ವಿಮಾನ, ವಿಮಾನ ಕೆಡವಿದರೆ ನಿಮ್ಮನ್ನು ಹಿಡಿದುಕೊಂಡು ಹೋಗುತ್ತಾರೆ, ಎಂದ.

"ಹಾಗಾದರೆ ಪೊಲೀಸರೂ ಹೀಗೆ ಮೇಲಿಂದ ನೋಡಬಹುದಲ್ಲ?" ಎಂದೆ, ಬಿಡದೆ.

"ಇಲ್ಲ ಮ್ಯಾಮ್. ತುರ್ತು ಸಂದರ್ಭ ಬಿಟ್ಟರೆ, ನಿಮ್ಮ ಗಂಡನನ್ನು ಮೇಲಿಂದ ನೋಡಬೇಕಾದರೆ ನಾವು ಜಡ್ಜ್ ಹತ್ತಿರ ಹೋಗಿ ವಾರಂಟ್ ತರಬೇಕು."

ಇದನ್ನು ಇವರಿಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡು, ನನ್ನ ಹೊಟ್ಟೆ ನೋಡಲಿಕ್ಕೆ ವಾರಂಟ್ ಬೇಕಂತೆ" ಎಂದು ವಾರವಿಡೀ ಹೇಳಿಕೊಂಡು ತಿರುಗಿದರು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನಮ್ಮವರಿಗೆ ಒಂದು ಚಾಳಿ ಇದೆ. ಜ್ವರ ಬಂದರೂ, ಕಾರು ಕೆಟ್ಟರೂ, ಮಗುವಿಗೆ ಹೆಸರಿಡಬೇಕಾದರೂ ಮೊದಲು ಗ್ರೂಪಿಗೆ ಹಾಕುವುದು. ಈ ಸೀಮೆಯ ಕನ್ನಡದವರದ್ದೆಲ್ಲ ಸೇರಿ ಫೋನಿನಲ್ಲಿ ಒಂದು ದೊಡ್ಡ ಗ್ರೂಪ್ ಇದೆ; ಕೊತ್ತಂಬರಿ ಎಲ್ಲಿ ಚೆನ್ನಾಗಿ ಸಿಗುತ್ತದೆ ಎನ್ನುವುದರಿಂದ ಹಿಡಿದು ಮೊಣಕಾಲಿನ ಆಪರೇಷನ್ ತನಕ ಅಲ್ಲೇ ತೀರ್ಮಾನವಾಗುತ್ತದೆ. ನಾನು ಜಾಹೀರಾತಿನ ಆ ಚಿತ್ರ ತೆಗೆದು, ಮೂಲೆಯನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿ, ಸುತ್ತ ಕೆಂಪು ಗೆರೆ ಎಳೆದು ಗ್ರೂಪಿಗೆ ಹಾಕಿದೆ. ಕೆಳಗೆ ಬರೆದೆ: 'ನಮ್ಮ ಮನೆಯವರು ಎಣ್ಣೆ ಹಚ್ಚಿಕೊಂಡು ಕೂತಿದ್ದಾಗ ಡ್ರೋನಿನಿಂದ ಹೀಗೆ ತೆಗೆದಿದ್ದಾರೆ. ಇದು ಖಾಸಗಿತನದ ಉಲ್ಲಂಘನೆ. ಯಾರಿಗಾದರೂ ಒಳ್ಳೆಯ ಲಾಯರ್ ಗೊತ್ತೇ?'

ಲಾಯರ್ ಹೆಸರು ಒಂದೂ ಬರಲಿಲ್ಲ. ಬೇರೆ ಎಲ್ಲ ಬಂತು. 'ಅಂಕಲ್ ಸೂಪರ್!' 'ಆಂಟಿ, ಯಾವ ಎಣ್ಣೆ ಯೂಸ್ ಮಾಡ್ತೀರಾ? ಶೈನ್ ಚೆನ್ನಾಗಿದೆ.' 'ನಮ್ಮ ಸಂಸ್ಕೃತಿ ಉಳಿಸಿದ್ದೀರಿ ಸಾರ್.' ನಗುವ ಮುಖಗಳು ಸಾಲುಸಾಲು. ಯಾರೋ ಪುಣ್ಯಾತ್ಮರು ಅದಕ್ಕೆ ಕಿರೀಟ ಬೇರೆ ಅಂಟಿಸಿದರು. ಸಂಜೆಯೊಳಗೆ ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕಿನಿಂದ ನಾದಿನಿಯ ಫೋನು. "ಅತ್ತಿಗೆ, ಅಣ್ಣನ ಫೋಟೋ ಬಂತು! ಎಂತ ಮಾರಾಯ್ತಿ, ಆ ಬೈರಾಸು ನಾನೇ ತಂದು ಕೊಟ್ಟದ್ದಲ್ವಾ?" ಎಂದು ನಕ್ಕಳು. ಮರುದಿನ ಡರ್ಹಮ್ಮಿನಿಂದ ಇವರ ಹಳೆಯ ಸಹೋದ್ಯೋಗಿ, ನಮ್ಮೂರಿನವರೇ ಒಬ್ಬರು ಸರ್ಜನ್, ಫೋನ್ ಮಾಡಿದರು; ಅವರಿಗೂ ಚಿತ್ರ ಮುಟ್ಟಿತ್ತು. ನನಗೋ, ಎಷ್ಟು ಜನ ನಮ್ಮ ಪರ ನಿಂತಿದ್ದಾರೆ ನೋಡಿ ಎಂಬ ಖುಷಿ! ಹುಚ್ಚಿ ನಾನು.

ಆ ವಾರದ ಕೊನೆಯಲ್ಲಿ ಪಾರ್ಕಿನಲ್ಲಿ ಕನ್ನಡದವರ ಪಿಕ್ನಿಕ್. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ತಟ್ಟೆ ಹಿಡಿದು ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದರು. ಹಿಂದಿನಿಂದ ಒಬ್ಬ ಮಧ್ಯವಯಸ್ಸಿನ ಮನುಷ್ಯ, "ಏನ್ ಡಾಕ್ಟ್ರೇ, ಇವತ್ತು ಫುಲ್ ಡ್ರೆಸ್ಸಲ್ಲಿ ಬಂದಿದ್ದೀರಾ!" ಎಂದ. ಸಾಲಿಗೆ ಸಾಲೇ ನಕ್ಕಿತು. ಇವರೂ ನಕ್ಕರು. ಆ ನಗು ನನಗೆ ಗೊತ್ತು. ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಇದ್ದ ದಿನ ಮನೆಗೆ ಬಂದು ಮಗಳ ಮುಂದೆ ನಗುತ್ತಿದ್ದ ನಗು ಅದು. ಊಟ ಅರ್ಧಕ್ಕೇ ಬಿಟ್ಟರು.

ಮುಂದಿನ ಶನಿವಾರ ಹತ್ತು ಗಂಟೆಗೆ ಡೆಕ್ಕು ಖಾಲಿ. ಮೇಲಿನ ಬಚ್ಚಲಿನ ಬಾಗಿಲು ಹಾಕಿತ್ತು, ಒಳಗೆ ಶವರಿನ ಸದ್ದು. ಹೊರಗೆ ಚಿನ್ನದಂಥ ಬಿಸಿಲು. ಅದರ ಮುಂದಿನ ಶನಿವಾರವೂ ಹಾಗೆಯೇ. ಮೂರನೆಯ ಶನಿವಾರ ಎಣ್ಣೆಯನ್ನೇ ಹಚ್ಚಲಿಲ್ಲ. ಅಷ್ಟು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ದುಡಿದು ಇವರು ಕೇಳಿ ಪಡೆದದ್ದು ಅದೊಂದು ಬಿಸಿಲು, ಅದೂ ಈಗ ಹೋಯಿತಲ್ಲ ಎಂದು ಬಹಳ ಸಂಕಟವಾಯಿತು.

ಎಲ್ಲ ಆ ಡ್ರೋನಿನ ದೆಸೆಯಿಂದ ಎಂದೇ ನಾನು ಇನ್ನೂ ತಿಳಿದಿದ್ದೆ. ದೊಡ್ಡದೊಂದು ಕೊಡೆ ತಂದು ಡೆಕ್ಕಿನ ಮೇಲೆ ನಿಲ್ಲಿಸಿದೆ. "ಇದರಡಿ ಕೂತರೆ ಯಾರಿಗೂ ಕಾಣುದಿಲ್ಲ" ಎಂದೆ. "ಬಿಸಿಲೂ ಕಾಣುದಿಲ್ಲ" ಎಂದರು ಇವರು, ಪೇಪರಿನಿಂದ ತಲೆ ಎತ್ತದೆ. ಕೊನೆಗೆ ಮನೆ ಮಾರುವ ಏಜೆಂಟಿಗೇ ಫೋನ್ ಮಾಡಿದೆ. ಇಷ್ಟು ದಿನ ಕಾನೂನು ಓದಿದ್ದೆನೇ ಹೊರತು ಅವಳಿಗೊಂದು ಮಾತು ಹೇಳೋಣ ಎಂದು ತಲೆಗೇ ಹೊಳೆದಿರಲಿಲ್ಲ ನೋಡಿ. ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಅವಳು, "ಅಯ್ಯೋ ದೇವರೇ, ಕ್ಷಮಿಸಿ" ಎಂದಳು. ಚಿತ್ರ ತೆಗೆದವನಿಗೆ ಲೈಸೆನ್ಸ್ ಇತ್ತು, ಹಾರಿಸಲು ಅನುಮತಿಯೂ ಇತ್ತು, ಆದರೆ ಮೂಲೆಯಲ್ಲಿ ಯಾರಿದ್ದಾರೆಂದು ತಾನು ನೋಡಬೇಕಿತ್ತು, ಎಂದಳು. ಹತ್ತು ನಿಮಿಷದಲ್ಲಿ ಚಿತ್ರ ಮಾಯ.

ಕುಣಿಯುತ್ತಾ ಹೋಗಿ ಇವರಿಗೆ ಹೇಳಿದೆ. "ತೆಗೆದ್ರು! ಒಂದು ಫೋನ್ ಮಾಡಿದ್ದಕ್ಕೆ ತೆಗೆದೇ ಬಿಟ್ರು!"

ಇವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರದ್ದರಲ್ಲಿ ನನ್ನ ಮುಖ ಇರ್ಲಿಲ್ಲ, ಹೆಸರೂ ಇರ್ಲಿಲ್ಲ. ಅದು ಯಾರು ಅಂತ ಊರಿಗೆಲ್ಲ ಹೇಳಿದ್ದು ನೀನು ಮಾರಾಯ್ತಿ."

ದನಿ ಎತ್ತರಿಸಿ ಹೇಳಿದ್ದರೆ ನಾನೂ ಎತ್ತರಿಸುತ್ತಿದ್ದೆ, ಜಗಳವಾಗಿ ಮುಗಿಯುತ್ತಿತ್ತು. ಮೆಲ್ಲಗೆ ಹೇಳಿದರು. ನಾನು ಅಲ್ಲೇ ಕುಕ್ಕರಿಸಿದೆ. ಇವರ ಜೊತೆ ಕೆಲಸ ಮಾಡಿದ ಒಬ್ಬ ನರ್ಸು ನಿವೃತ್ತಿಯ ದಿನ ನನಗೆ ಹೇಳಿದ್ದಳು: ಪ್ರಜ್ಞೆ ತಪ್ಪಿಸಿದ ಮೇಲೆ ರೋಗಿಯ ಹೊದಿಕೆ ಒಂದಿಷ್ಟು ಸರಿದಿದ್ದರೂ ಡಾಕ್ಟರು ತಾವೇ ಎಳೆದು ಮುಚ್ಚುತ್ತಿದ್ದರು, ಆ ರೋಗಿಗೆ ಅದು ಎಂದೂ ಗೊತ್ತಾಗದಿದ್ದರೂ. ಅಂಥ ಮನುಷ್ಯ ಬಾಯಿ ತೆರೆದು ಮಲಗಿದ್ದಾಗ ನಾನು ಸುತ್ತ ಕೆಂಪು ಗೆರೆ ಎಳೆದಿದ್ದೆ. ಮೂರು ದಿನ ಕೂತು ಓದಿದ ಕಾನೂನಿನಲ್ಲಿ ಹೆಂಡತಿ ಎಷ್ಟು ಅಡಿ ದೂರ ಇರಬೇಕೆಂದು ಯಾರೂ ಬರೆದಿರಲಿಲ್ಲ.

ನಾಚಿಕೆಯಿಂದ ಮುಖ ಸುಟ್ಟ ಹಾಗಾಯಿತು. ಗ್ರೂಪಿನಿಂದ ಅದನ್ನು ಅಳಿಸಲು ನೋಡಿದರೆ ಹೊತ್ತು ಮೀರಿತ್ತು, ಆಗಲಿಲ್ಲ. ಅಲ್ಲಿಯೇ ಬರೆದೆ: 'ಆ ಚಿತ್ರವನ್ನು ನಮ್ಮ ಮನೆಯವರನ್ನು ಕೇಳದೆ ಹಾಕಿದ್ದು ನನ್ನ ತಪ್ಪು. ನಿಮ್ಮ ನಿಮ್ಮ ಫೋನಿನಲ್ಲಿದ್ದರೆ ಅಳಿಸಿಬಿಡಿ. ಮುಂದಕ್ಕೆ ಕಳಿಸಿದ್ದರೆ ಅವರಿಗೂ ಹೇಳಿ.' ಈ ಸಲ ನಗುವ ಮುಖ ಒಂದೂ ಬರಲಿಲ್ಲ. ನಾದಿನಿಗೆ ಫೋನ್ ಮಾಡಿದೆ, ಡರ್ಹಮ್ಮಿನ ಸರ್ಜನ್ನರಿಗೆ ಫೋನ್ ಮಾಡಿದೆ. ಪಿಕ್ನಿಕ್ಕಿನಲ್ಲಿ ತಮಾಷೆ ಮಾಡಿದ ಆ ಮನುಷ್ಯ ತಾನೇ ಫೋನ್ ಮಾಡಿ, "ಆಂಟಿ, ಅಂಕಲ್‌ಗೆ ಸಾರಿ ಹೇಳಿ, ಸುಮ್ನೆ ಜೋಕ್ ಮಾಡ್ದೆ" ಎಂದ. ನೀನೇ ಹೇಳಪ್ಪ ಎಂದು ಫೋನನ್ನು ಇವರಿಗೆ ಕೊಟ್ಟೆ. ಇಬ್ಬರೂ ಅರ್ಧ ಗಂಟೆ ಕ್ರಿಕೆಟ್ ಮಾತಾಡಿದರು. ಗಂಡಸರ ಕ್ಷಮಾಪಣೆ ಹೀಗೇ ಇರುತ್ತದೆ ಎಂದು ಕಾಣುತ್ತದೆ.

ಆದರೂ ಶನಿವಾರ ಡೆಕ್ಕು ಖಾಲಿಯೇ.

ನಮ್ಮಲ್ಲಿ ಗಂಡಸರಿಗೆ ಎಣ್ಣೆಗೆ ಶನಿವಾರವಾದರೆ ಹೆಂಗಸರಿಗೆ ಶುಕ್ರವಾರ. ಆಗಸ್ಟಿನ ಒಂದು ಶುಕ್ರವಾರ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಸುರಿದುಕೊಂಡೆ. ಕೂದಲಿಗೆ ಬಣ್ಣ ಹಾಕದೆ ತಿಂಗಳಾಗಿತ್ತು, ಬೈತಲೆಯ ಎರಡೂ ಕಡೆ ಬೆಳ್ಳಗೆ. ಕಂಕುಳಲ್ಲಿ ಹರಿದ ನೈಟಿ. ಮತ್ತೆ, ಮುಂದಿನ ನಾಲ್ಕು ಹಲ್ಲಿನ ಸೆಟ್ಟನ್ನು ತೆಗೆದು ಲೋಟದಲ್ಲಿ ಇಟ್ಟೆ. ಆ ಸೆಟ್ಟಿಲ್ಲದ ನನ್ನ ಮುಖವನ್ನು ಹಲ್ಲಿನ ಡಾಕ್ಟರ್ ಬಿಟ್ಟರೆ ಯಾರೂ ನೋಡಿಲ್ಲ. ಮಗಳೂ ನೋಡಿಲ್ಲ. ಇವರ ಮುಂದೆಯೂ ದೀಪ ಆರಿಸಿದ ಮೇಲೆಯೇ ತೆಗೆಯುವುದು. ಹಾಗೇ ಹೊರಗೆ ಹೋಗಿ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಜಾರದಂತೆ ಎರಡೂ ಕೈ ಹಿಡಿದುಕೊಂಡು, "ಇಲ್ಲಿ ಬನ್ನಿ. ಫೋನ್ ತನ್ನಿ" ಎಂದು ಕೂಗಿದೆ. ಹಲ್ಲಿಲ್ಲದ್ದಕ್ಕೆ 'ಫೋನ್' ಎನ್ನುವುದು ಬರೀ ಗಾಳಿಯಾಗಿ ಹೊರಟಿತು.

ಇವರು ಬಂದು ಬಾಗಿಲಲ್ಲೇ ನಿಂತರು. "ಎಂತ ಇದು ಅವತಾರ!"

"ಫೋಟೋ ತೆಗೀರಿ. ಗ್ರೂಪಿಗೆ ಹಾಕಿ. ಕೆಂಪು ಗೆರೆ ಬೇಕಾದ್ರೆ ಹೇಗೆ ಎಳೆಯುದು ಅಂತ ಹೇಳಿಕೊಡ್ತೇನೆ."

ಇವರು ಫೋನ್ ಎತ್ತಿ ಹಿಡಿದರು. ಸಾವಕಾಶವಾಗಿ ಎಡಕ್ಕೆ ಬಂದು, ಬಲಕ್ಕೆ ಬಂದು, ಬೆಳಕು ನೋಡಿ ಒಂದು ಚಿತ್ರ ತೆಗೆದರು. ಆಮೇಲೆ ಪರದೆ ನೋಡುತ್ತಾ ನಿಂತರು. ಭುಜ ಕುಲುಕುತ್ತಿತ್ತು. ನಗುತ್ತಿದ್ದಾರೆ ಎಂದು ತಿಳಿಯುವ ತನಕ ನನ್ನ ಜೀವ ಕೈಯಲ್ಲಿತ್ತು.

"ಹಾಕ್ಲಾ?" ಎಂದು ಕೇಳಿದರು.

ಅದೊಂದು ಕ್ಷಣ, ಆ ಗ್ರೂಪಿನ ಎಲ್ಲ ಮುಖಗಳೂ ನನ್ನ ಬೋಡು ಬಾಯಿ ನೋಡಿ ನಗುವುದು ಕಣ್ಣಿಗೆ ಕಟ್ಟಿತು. ಒಂದು ಕೈ ಕುರ್ಚಿ ಬಿಟ್ಟು ತಾನಾಗಿ ಬಾಯಿಗೆ ಅಡ್ಡ ಬಂತು. ಇವರಿಗೆ ಬಿಸಿಬೇಳೆಬಾತಿನ ಸಾಲಿನಲ್ಲಿ ಹೀಗೆಯೇ ಆಗಿದ್ದಿರಬೇಕು. "ಹಾಕಿ," ಎಂದೆ. ಕೈ ತೆಗೆದು ಇನ್ನೊಮ್ಮೆ ಹೇಳಿದೆ.

ಇವರು ಫೋನನ್ನು ಅಂಗಿಯ ಜೇಬಿಗೆ ಇಳಿಸಿದರು. "ನೀನು ಹಾಕು ಅಂದ್ರೂ ನಾನು ಹಾಕುದಿಲ್ಲ," ಎಂದರು. "ಹೋಗು, ಹಲ್ಲು ಹಾಕ್ಕೋ. ಕಾಫಿ ಮಾಡ್ತೇನೆ."

ನನಗೆ ಅಳು ಬಂತು. ಎಣ್ಣೆ ಕಣ್ಣಿಗೆ ಹೋಯಿತು ಎಂದೆ. ಇವರು ನಂಬಿದ ಹಾಗೆ ಮಾಡಿದರು.

ಮರುದಿನ ಶನಿವಾರ. ಹತ್ತು ಗಂಟೆಗೆ ಮೇಲಿನ ಬಚ್ಚಲಿನ ಬಾಗಿಲು ತೆರೆದೇ ಇತ್ತು. ಇವರು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಮೆಟ್ಟಿಲಿಳಿದು ಬಂದು ಡೆಕ್ಕಿಗೆ ಕಾಲಿಟ್ಟರು. ನಾನು ಆಗಲೇ ಅಲ್ಲಿ ನಿಂತು ಮಗಳಿಗೇನೋ ಮೆಸೇಜ್ ಮಾಡುತ್ತಿದ್ದೆ. ರಸ್ತೆಯಾಚೆಯ ಯಾವುದೋ ಮನೆಯ ಮೇಲಿನಿಂದ ಗುಂಯ್ ಎನ್ನುವ ಅದೇ ಸದ್ದು ಕೇಳಿಸಿತು. ಇವರು ತಲೆಯೆತ್ತಿ ಅದನ್ನು ನೋಡಲೂ ಇಲ್ಲ. ಕೂರುವ ಮೊದಲು ನನ್ನ ಕೈಯಲ್ಲಿದ್ದ ಫೋನನ್ನು ನೋಡಿದರು. ನಾನು ಒಳಗೆ ಹೋಗಿ ಅದನ್ನು ಡ್ರಾಯರಿನೊಳಗಿಟ್ಟು, ಖಾಲಿ ಕೈ ತೋರಿಸುತ್ತಾ ಹೊರಗೆ ಬಂದೆ. ಆಮೇಲೆಯೇ ಇವರು ಕೂತು ಕಣ್ಣು ಮುಚ್ಚಿದ್ದು.